ಸಭಾಂಗಣದಲ್ಲಿ ಗಿಟಾರಿನ ನಾದ ಕರ್ಕಶವಾಗುವುದೇಕೆ?

ಪ್ರಶ್ನೆ: ಮನೆಯಲ್ಲಿ ಇಂಪಾಗಿ ಕೇಳುವ ನನ್ನ ಮಾಡೆಲಿಂಗ್ ಆಂಪ್ಲಿಫೈಯರ್ (ಬೇರೆ ಬೇರೆ ಗಿಟಾರ್ ಆಂಪ್ಲಿಫೈಯರುಗಳ ನಾದವನ್ನು ಅನುಕರಿಸುವ ಸಾಧನ), ಕಾಲೇಜು ಸಭಾಂಗಣದ ಮಿಕ್ಸರ್‌ಗೆ ಜೋಡಿಸಿದಾಗ ಕೀರಲು ದನಿ ಹೊರಡಿಸುವುದೇಕೆ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಗಿಟಾರಿಗೆಂದೇ ರೂಪಿಸಿದ ಸ್ಪೀಕರುಗಳು ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಕಂಪನಗಳನ್ನು ಬಹುಮಟ್ಟಿಗೆ ತಗ್ಗಿಸುತ್ತವೆ, ಸಭಾಂಗಣದ ಸ್ಪೀಕರುಗಳು ಅವನ್ನೂ ಪೂರ್ಣವಾಗಿ ಕೇಳಿಸುವುದರಿಂದ, ಅದರಲ್ಲೂ ಡಿಸ್ಟಾರ್ಷನ್ (ನಾದವನ್ನು ಬೇಕೆಂದೇ ಒರಟಾಗಿಸುವ ಪರಿಣಾಮ) ಬಳಸಿದಾಗ, ನಾದ ಕಿವಿಗೆ ಚುಚ್ಚುತ್ತದೆ. ಆದುದರಿಂದ ಮಿಕ್ಸರ್‌ಗೆ ಹೋಗುವ ಲೈನ್ ಔಟ್‌ನಲ್ಲಿ ಕ್ಯಾಬಿನೆಟ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರಿನ ನಾದವನ್ನು ಅನುಕರಿಸುವ ಸೌಲಭ್ಯ) ಚಾಲನೆಯಲ್ಲಿದೆಯೇ ಎಂದು ಮೊದಲು ಪರೀಕ್ಷಿಸಿ. ಒಳ್ಳೆಯ ಆಂಪ್ಲಿಫೈಯರುಗಳೂ ಈ ಒಂದು ಆಯ್ಕೆಯ ದೆಸೆಯಿಂದ ಅಪವಾದ ಹೊರುತ್ತವೆ. ಇದಲ್ಲದೆ, ಸಣ್ಣ ದನಿಯಲ್ಲಿ ನಮ್ಮ ಕಿವಿ ಮಂದ್ರವನ್ನೂ ತಾರವನ್ನೂ ಕಡಿಮೆ ಗ್ರಹಿಸುವುದರಿಂದ, ಮನೆಯಲ್ಲಿ ಬಾಸ್ ಮತ್ತು ಟ್ರೆಬಲ್‌ಗಳನ್ನು ಅರಿವಿಲ್ಲದೆ ಏರಿಸಿರುತ್ತೇವೆ. ಕಾರ್ಯಕ್ರಮಕ್ಕೆ ಮುನ್ನ ವೇದಿಕೆಯ ದನಿಮಟ್ಟದಲ್ಲೇ ನುಡಿಸುತ್ತಾ ಅವೆರಡನ್ನೂ, ಗೇನನ್ನೂ (ಡಿಸ್ಟಾರ್ಷನ್ ಪ್ರಮಾಣವನ್ನು ನಿರ್ಧರಿಸುವ ಗುಂಡಿ) ತಗ್ಗಿಸಿ, ಮಿಡ್ (ಮಧ್ಯಶ್ರೇಣಿಯ ನಾದ) ಸ್ವಲ್ಪ ಹೆಚ್ಚಿಸಿ, ಆ ಹೊಂದಾಣಿಕೆಯನ್ನು ಪ್ರತ್ಯೇಕ ಪ್ರೀಸೆಟ್ ಆಗಿ ಉಳಿಸಿಕೊಳ್ಳಿ.