ಮಗಳ ವಾಕ್ಯಗಳು ಬಿಡಿಬಿಡಿ, ಏನು ಮಾಡಲಿ?

ಪ್ರಶ್ನೆ: ಮಗಳು ನಾಲ್ಕನೇ ಕ್ಲಾಸು. ಜಾತ್ರೆ ಬಗ್ಗೆ ಹೀಗೆ ಬರೆದಿದ್ದಾಳೆ: “ನಾವು ಜಾತ್ರೆಗೆ ಹೋದೆವು. ನಾವು ತೇರು ನೋಡಿದೆವು. ನಾವು ಮಂಡಕ್ಕಿ ತಿಂದೆವು. ಮಳೆ ಬಂತು. ನಾವು ಮನೆಗೆ ಬಂದೆವು.” ಒಂದಕ್ಕೊಂದು ಹೊಂದಿಕೊಳ್ಳುತ್ತಿಲ್ಲ ಅಂತ ಟೀಚರ್ ಹೇಳಿದರು. ಆದರೆ, ಆದ್ದರಿಂದ, ನಂತರ ಅಂತ ಪಟ್ಟಿ ಬರೆಸಿ ಉರು ಹೊಡೆಸಿದೆ. ಈಗ “ಆದ್ದರಿಂದ ಮಂಡಕ್ಕಿ ತಿಂದೆವು” ಅಂತ ಬರೆಯುತ್ತಾಳೆ!

ಉತ್ತರ: ಆ ಪಟ್ಟಿಯನ್ನು ಸದ್ಯಕ್ಕೆ ಎತ್ತಿಡಿ. ತೇರು ನೋಡಿದ್ದಕ್ಕೂ ಮಂಡಕ್ಕಿ ತಿಂದಿದ್ದಕ್ಕೂ ಏನು ಸಂಬಂಧ ಅಂತ ಮಗು ಯೋಚಿಸಿಯೇ ಇಲ್ಲ. ಸಂಬಂಧ ಹೊಳೆಯದೆ ಪದ ಮಾತ್ರ ಕೊಟ್ಟರೆ ಹೀಗೇ ಆಗುತ್ತದೆ.

ಮೊದಲು ಬಾಯಲ್ಲಿ ಹೇಳಿಸಿ. ನೀವು ಸುಮ್ನೆ ನಡುನಡುವೆ ಕೇಳುತ್ತಾ ಹೋಗಿ: ಮಂಡಕ್ಕಿ ತಿಂದಿದ್ದು ಯಾವಾಗ? ಮಳೆ ಬಂದಾಗ ಎಲ್ಲಿದ್ರಿ? “ತೇರು ನೋಡಿ ಮಂಡಕ್ಕಿ ತಿಂತಾ ಇದ್ವಿ, ಅಷ್ಟರಲ್ಲಿ ಮಳೆ ಬಂತು” ಅಂತ ಅವಳೇ ಹೇಳುತ್ತಾಳೆ. ನೋಡಿ, ಇಲ್ಲಿ ಪಟ್ಟಿಯ ಪದ ಒಂದೂ ಇಲ್ಲ! ಕನ್ನಡದಲ್ಲಿ ಜೋಡಣೆಯ ಹೆಚ್ಚಿನ ಕೆಲಸವನ್ನು ಕ್ರಿಯಾಪದವೇ ಮಾಡುತ್ತದೆ: ಹೋಗಿ, ನೋಡುತ್ತಾ, ಬಂದಿದ್ದರಿಂದ, ಮುಗಿದ ಮೇಲೆ. ಇವನ್ನೆಲ್ಲ ಮಕ್ಕಳು ಮಾತಿನಲ್ಲಿ ಸಲೀಸಾಗಿ ಬಳಸುತ್ತಾರೆ, ಪೆನ್ಸಿಲ್ ಹಿಡಿದಾಗ ಮರೆಯುತ್ತಾರೆ.

ಇನ್ನು ಆ ‘ನಾವು’. ನಮ್ಮ ಕ್ರಿಯಾಪದದಲ್ಲೇ ‘ನಾವು’ ಅಡಗಿದೆ, ‘ಹೋದೆವು’ ಅಂದರೆ ಸಾಕು, ಅಲ್ವಾ? ಮೊದಲನೆಯದನ್ನು ಉಳಿಸಿ ಉಳಿದವನ್ನು ಅವಳ ಕೈಯಿಂದಲೇ ಹೊಡೆದು ಹಾಕಿಸಿ. ಅರ್ಧ ತೊಡಕು ಅಲ್ಲೇ ಕಳೆಯುತ್ತದೆ.

ಹೊಸ ಸಂಗತಿ ಬಂದಾಗ ಮುಂದಿನ ವಾಕ್ಯ ಅದನ್ನೇ ಹಿಡಿದು ಶುರುವಾಗಲಿ: “ಅಲ್ಲೊಬ್ಬ ಬಲೂನ್ ಮಾರುವವನಿದ್ದ. ಅವನ ಹತ್ತಿರ ಪೀಪಿಯೂ ಇತ್ತು.” ‘ಅವನ’, ‘ಪೀಪಿಯೂ’ ಎರಡೂ ಹಿಂದಿನ ವಾಕ್ಯವನ್ನು ನೆನೆಸುತ್ತವೆ. ಆ ‘ಊ’ ಪುಟ್ಟದು, ಆದರೆ ಬಲು ಉಪಯೋಗಿ.

ಒಂದು ಎಚ್ಚರಿಕೆ. ರುಚಿ ಹತ್ತಿದರೆ “ಎದ್ದು, ಹಲ್ಲುಜ್ಜಿ, ಸ್ನಾನ ಮಾಡಿ, ತಿಂಡಿ ತಿಂದು, ಬಸ್ ಹತ್ತಿ…” ಅಂತ ಪುಟವಿಡೀ ಒಂದೇ ವಾಕ್ಯ ಬರಬಹುದು. ಆಗ ಗಟ್ಟಿಯಾಗಿ ಓದಿಸಿ, ಉಸಿರು ಸಿಕ್ಕಿಕೊಂಡ ಕಡೆ ಪೂರ್ಣವಿರಾಮ ಹಾಕಿಸಿ.

ಜೋಡಣೆ ಬಂತೋ ಇಲ್ಲವೋ ನೋಡಬೇಕೆ? ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಲೆಸಿ, ಮನೆಯಲ್ಲಿ ಬೇರೆ ಯಾರಿಗಾದರೂ ಕೊಡಿ. ಅವರು ಸರಿಯಾದ ಕ್ರಮದಲ್ಲಿ ಇಟ್ಟರೆ ಜೋಡಣೆ ಬಂದಿದೆ. ಹೇಗಿಟ್ಟರೂ ನಡೆಯುತ್ತದೆ ಅನ್ನಿಸಿದರೆ, ಎಲ್ಲಿ ಕೊಂಡಿ ತಪ್ಪಿದೆ ಅಂತ ಮಗಳೇ ಹುಡುಕಲಿ.