ಬಿಲ್ಲಿ ಜೋಯೆಲ್: ಮೊದಲ ಆಲ್ಬಂನಿಂದ ಶುರು ಮಾಡಬೇಡಿ

ನಮಸ್ಕಾರ ಸರ್. ಅಮೆರಿಕದ ಹಾಡುಗಾರ, ಪಿಯಾನೋ ವಾದಕ ಬಿಲ್ಲಿ ಜೋಯೆಲ್ ಅವರ ‘ಪಿಯಾನೋ ಮ್ಯಾನ್’ ಹಾಡೊಂದೇ ಗೊತ್ತು, ಉಳಿದದ್ದನ್ನು ಮೊದಲ ಆಲ್ಬಂನಿಂದ ಸಾಲಾಗಿ ಕೇಳಿಕೊಂಡು ಬರಲಾ ಅಂತ ಕೇಳಿದ್ದೀರಿ. ಬೇಡ. 1977ರ ‘ದಿ ಸ್ಟ್ರೇಂಜರ್’ನಿಂದ ಶುರು ಮಾಡಿ.

ಕಾರಣ ಇದೆ. 1971ರ ಮೊದಲ ಆಲ್ಬಂ ‘ಕೋಲ್ಡ್ ಸ್ಪ್ರಿಂಗ್ ಹಾರ್ಬರ್’ ಮಾಸ್ಟರ್ ಮಾಡುವಾಗಲೇ, ಅಂದರೆ ಮುದ್ರಣಕ್ಕೆ ಕೊನೆಯ ಪ್ರತಿ ಸಿದ್ಧಮಾಡುವಾಗಲೇ, ವೇಗ ಜಾಸ್ತಿಯಾಗಿಬಿಟ್ಟಿತ್ತು. ಹಾಗಾಗಿ ಶ್ರುತಿ ಮೇಲೇರಿ, ಇನ್ನೂ ದನಿ ಒಡೆಯದ ಹುಡುಗ ಹಾಡಿದ ಹಾಗೆ ಕೇಳುತ್ತದೆ. 1983ರ ಮರುಬಿಡುಗಡೆಯಲ್ಲಿ ವೇಗ ಸರಿಮಾಡಿದರು. ಹಳೆಯ ಎಲ್‌ಪಿ ಸಿಕ್ಕಿತು ಅಂತ ದುಡ್ಡು ಸುರಿಯುವ ಮೊದಲು ಯಾವ ಮುದ್ರಣ ಅಂತ ನೋಡಿ. ಇಟ್ಟುಕೊಳ್ಳುವುದಕ್ಕೆ ಹಳೆಯದು ಸರಿ, ಕೇಳುವುದಕ್ಕೆ 1983ರದ್ದೇ ವಾಸಿ.

ಆಮೇಲೆ ಅವರು ಲಾಸ್ ಏಂಜಲೀಸ್‌ನ ಬಾರ್ ಒಂದರಲ್ಲಿ ಬಿಲ್ ಮಾರ್ಟಿನ್ ಅನ್ನುವ ಹೆಸರಿನಲ್ಲಿ ಪಿಯಾನೋ ನುಡಿಸುತ್ತಿದ್ದರು. ನಿಮಗೆ ಗೊತ್ತಿರುವ ಹಾಡಿನ ಮೂಲ ಅದೇ ಬಾರ್. ಹಾಡು ಬಂದದ್ದು 1973ರಲ್ಲಿ. ಆದರೆ ಆಗಿನ ಆಲ್ಬಂಗಳಲ್ಲಿ ನುಡಿಸಿದವರು ಹೆಚ್ಚಾಗಿ ಸ್ಟುಡಿಯೋ ವಾದಕರು. ಊರೂರು ಸುತ್ತುವಾಗ ಜೊತೆಗಿದ್ದ ಬ್ಯಾಂಡೇ ಬೇರೆ. ಜೋಯೆಲ್‌ಗೆ ಇದು ಒಗ್ಗಲಿಲ್ಲ. ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರಂಥವರು ಆಸಕ್ತಿ ತೋರಿಸಿದರು, ಆದರೆ ಅವರಿಗೆ ಜೋಯೆಲ್ ಅವರ ಬ್ಯಾಂಡ್ ಬೇಡವಾಗಿತ್ತು. ಜೋಯೆಲ್ ಒಪ್ಪಲಿಲ್ಲ. ಇನ್ನೊಬ್ಬ ನಿರ್ಮಾಪಕ ಫಿಲ್ ರಮೋನ್ ಆ ಬ್ಯಾಂಡನ್ನೇ ಇಟ್ಟುಕೊಂಡರು. ‘ದಿ ಸ್ಟ್ರೇಂಜರ್’ ಹುಟ್ಟಿದ್ದು ಹಾಗೆ. ಲಿಬರ್ಟಿ ಡೆವಿಟೋ ಡ್ರಮ್ಸ್, ಡಗ್ ಸ್ಟೆಗ್‌ಮೇಯರ್ ಬೇಸ್, ರಿಚಿ ಕನಾಟಾ ಸ್ಯಾಕ್ಸೊಫೋನ್. ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿರುವ ನುಡಿಸಾಣಿಕೆ ಅದು.

ದಯವಿಟ್ಟು ಇದನ್ನು ಷಫಲ್‌ನಲ್ಲಿ ಹಾಕಬೇಡಿ. ಎರಡನೇ ಹಾಡು ಬರೀ ಪಿಯಾನೋದಿಂದ ಶುರುವಾಗುತ್ತದೆ, ಅದರ ಮೇಲೆ ಒಂದು ಶಿಳ್ಳೆ. ಜೋಯೆಲ್ ಆ ಮಟ್ಟನ್ನು ಶಿಳ್ಳೆಯಲ್ಲಿ ತೋರಿಸಿ, ಇದಕ್ಕೆ ಯಾವ ವಾದ್ಯ ಹಾಕೋಣ ಅಂತ ಕೇಳಿದರಂತೆ. ಶಿಳ್ಳೆಯೇ ಇರಲಿ ಅಂದರು ರಮೋನ್. ಆಲ್ಬಂನ ಕೊನೆಯ ಹಾಡು ಮುಗಿದ ಮೇಲೆ ಅದೇ ಪಿಯಾನೋ, ಅದೇ ಶಿಳ್ಳೆ ಮತ್ತೆ ಬರುತ್ತವೆ. ಮೊದಲ ಸಲ ಕೇಳಿದಾಗ, ಮುಗಿಯಿತಲ್ಲ ಅಂತ ರೆಕಾರ್ಡ್ ಪ್ಲೇಯರ್‌ನ ಮುಳ್ಳು ಎತ್ತಲು ಕೈ ಚಾಚಿದ್ದೆ. ಕೈ ಅಲ್ಲೇ ನಿಂತಿತು.

ಮುಂದೆ 1981ರ ‘ಸಾಂಗ್ಸ್ ಇನ್ ದಿ ಅಟಿಕ್’. ಅಟ್ಟದಲ್ಲಿಟ್ಟ ಹಾಡುಗಳು ಅಂತ ಅರ್ಥ. ಮೊದಲ ನಾಲ್ಕು ಆಲ್ಬಂಗಳಿಂದ ಆರಿಸಿದ ಹಾಡುಗಳನ್ನು ಅದೇ ಬ್ಯಾಂಡಿನ ಜೊತೆ ಜನರ ಮುಂದೆ ಹಾಡಿದ ರೆಕಾರ್ಡಿಂಗ್ ಇದು. ಹಳೆಯ ಹಾಡುಗಳಿಗೆ ಇಲ್ಲಿ ಜೀವ ಬಂದಿದೆ. ಇದನ್ನು ಕೇಳಿ, ಆಮೇಲೆ ಬೇಕಾದರೆ ಹಿಂದಕ್ಕೆ ಹೋಗಿ.

ಮೂರನೆಯದಾಗಿ 1982ರ ‘ದಿ ನೈಲಾನ್ ಕರ್ಟನ್’. ಉಕ್ಕಿನ ಕಾರ್ಖಾನೆಗಳು ಮುಚ್ಚುತ್ತಿದ್ದ ಊರು, ವಿಯೆಟ್ನಾಂ ಯುದ್ಧಕ್ಕೆ ಹೋದ ಹುಡುಗರು, ಇದೆಲ್ಲ ಅದರಲ್ಲಿದೆ. ನನ್ನ ಮಟ್ಟಿಗೆ ಅವರ ಅತ್ಯಂತ ಗಟ್ಟಿ ಕೆಲಸ. 1978ರ ‘52ನೇ ಸ್ಟ್ರೀಟ್’ ಕೂಡ ಚೆನ್ನಾಗಿದೆ. 1982ರಲ್ಲಿ ಜಪಾನಿನಲ್ಲಿ ಮೊಟ್ಟಮೊದಲು ಮಾರಾಟಕ್ಕೆ ಬಂದ ಆಲ್ಬಂ ಸಿಡಿ ಅದೇ.

1993ರ ‘ರಿವರ್ ಆಫ್ ಡ್ರೀಮ್ಸ್’ ಕೊನೆಗೆ ಇಟ್ಟುಕೊಳ್ಳಿ. ಅದರ ನಂತರ ಅವರು ಪಾಪ್ ಆಲ್ಬಂ ಮಾಡಲೇ ಇಲ್ಲ. 2001ರಲ್ಲಿ ಶಾಸ್ತ್ರೀಯ ಪಿಯಾನೋ ರಚನೆಗಳ ಆಲ್ಬಂ ಬಂತು, ನುಡಿಸಿದ್ದು ಬೇರೆಯವರು. 2024ರಲ್ಲಿ ಒಂದು ಹೊಸ ಹಾಡು ಬಂತು: ‘ಟರ್ನ್ ದಿ ಲೈಟ್ಸ್ ಬ್ಯಾಕ್ ಆನ್’. 1993ರ ಆಲ್ಬಂ ಮುಗಿದ ತಕ್ಷಣ ಇದನ್ನು ಹಾಕಿ ನೋಡಿ. ನಡುವೆ 31 ವರ್ಷ. ದನಿ ದಪ್ಪವಾಗಿದೆ, ಪಿಯಾನೋ ಮಾತ್ರ ಮೊದಲ ಕ್ಷಣಕ್ಕೇ ಗುರುತು ಸಿಗುತ್ತದೆ.