ಹೊಸ ಇಂಧನದ ಸುದ್ದಿ: ನಂಬೋಣ, ಆದರೆ ಲೆಕ್ಕ ಕೇಳೋಣ

ಪ್ರಶ್ನೆ: ಕೆಲವು ತಿಂಗಳಿಗೊಮ್ಮೆ ‘ಇಂಧನದ ಕೊರತೆ ಇನ್ನಿಲ್ಲ’ ಎಂಬಂಥ ಸುದ್ದಿ ಬರುತ್ತದೆ. ಒಮ್ಮೆ ಸಮ್ಮಿಲನ ಶಕ್ತಿ (ಹಗುರ ಪರಮಾಣುಗಳು ಒಂದಾಗಿ ಬೆಸೆದಾಗ ಹೊರಬರುವ ಶಕ್ತಿ), ಇನ್ನೊಮ್ಮೆ ಹೊಸ ಬಗೆಯ ಸೌರಕೋಶ, ಮತ್ತೊಮ್ಮೆ ಕ್ಷಣದಲ್ಲಿ ಚಾರ್ಜ್ ಆಗುವ ಬ್ಯಾಟರಿ. ಮೊದಲೆಲ್ಲ ಆಸೆಯಿಂದ ಓದುತ್ತಿದ್ದೆ. ಈಗ ಯಾವುದನ್ನೂ ನಂಬುವುದಿಲ್ಲ. ಇದು ಸರಿಯೇ?

ಉತ್ತರ: ನಿಮ್ಮ ಅನುಮಾನ ಸರಿ. ಆದರೆ ಯಾವುದನ್ನೂ ನಂಬದೆ ಕೂರುವುದು ಸರಿಯಲ್ಲ.

2022ರ ಡಿಸೆಂಬರ್ 5ರಂದು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ನಡೆದ ಸಮ್ಮಿಲನ ಪ್ರಯೋಗವನ್ನೇ ನೋಡಿ. ಹೈಡ್ರೋಜನ್‌ನ ಎರಡು ಐಸೊಟೋಪ್ (ತೂಕದಲ್ಲಷ್ಟೇ ಬೇರೆಯಾದ ರೂಪಗಳು) ತುಂಬಿದ, ಮೆಣಸಿನ ಕಾಳಿಗಿಂತ ಚಿಕ್ಕದಾದ ಗುಳಿಗೆಯೊಂದನ್ನು ಪುಟ್ಟ ಲೋಹದ ಕೊಳವೆಯಲ್ಲಿಟ್ಟು, ಅದರೊಳಕ್ಕೆ 192 ಲೇಸರ್ ಕಿರಣಗಳನ್ನು ಹಾಯಿಸಿದರು. ಒಳಗೆ ಹೋದ ಲೇಸರ್ ಶಕ್ತಿ 2.05 ಮೆಗಾಜೂಲ್, ಹೊರಬಂದದ್ದು 3.15 ಮೆಗಾಜೂಲ್. ದಶಕಗಳ ದುಡಿಮೆಯ ಫಲ ಅದು. ಆ ಸುದ್ದಿ ಓದಿದ ದಿನ ನನಗೂ ಮೈ ಜುಮ್ಮೆಂದಿತ್ತು.

ಈಗ ಅದೇ ಲೆಕ್ಕವನ್ನು ಮೀಟರಿನ ಭಾಷೆಯಲ್ಲಿ ಓದೋಣ. ಒಂದು ಯೂನಿಟ್ ವಿದ್ಯುತ್ ಎಂದರೆ 3.6 ಮೆಗಾಜೂಲ್. ಅಂದರೆ ಹೊರಬಂದ ಶಕ್ತಿ ಒಂದು ಯೂನಿಟ್ ಕೂಡ ಆಗಲಿಲ್ಲ. ಆ ಲೇಸರ್‌ಗಳನ್ನು ಸಜ್ಜುಗೊಳಿಸಲು ಗ್ರಿಡ್‌ನಿಂದ ಎಳೆದುಕೊಂಡದ್ದು ಸುಮಾರು 300 ಮೆಗಾಜೂಲ್, ಅಂದರೆ 83 ಯೂನಿಟ್. ‘ಹಾಕಿದ್ದಕ್ಕಿಂತ ಹೆಚ್ಚು ಬಂತು’ ಎಂಬ ಮಾತು ಸುಳ್ಳಲ್ಲ. ಲೆಕ್ಕದ ಗೆರೆಯನ್ನು ಗುಳಿಗೆಯ ಸುತ್ತ ಎಳೆದರೆ ನಿಜ, ಇಡೀ ಕಟ್ಟಡದ ಸುತ್ತ ಎಳೆದರೆ ನಿಜವಲ್ಲ. ಆಮೇಲಿನ ಪ್ರಯೋಗಗಳಲ್ಲಿ ಇದಕ್ಕಿಂತ ಹೆಚ್ಚು ಶಕ್ತಿ ಬಂದಿದೆ, ಸಂತೋಷ. ಆದರೆ ವಿದ್ಯುತ್ ಸ್ಥಾವರವಾಗಬೇಕಾದರೆ ಇಂಥ ಸ್ಫೋಟ ಸೆಕೆಂಡಿಗೆ ಹಲವು ಬಾರಿ, ಹಗಲೂ ರಾತ್ರಿ, ವರ್ಷಗಟ್ಟಲೆ ನಡೆಯಬೇಕು. ಪ್ರತಿ ಗುಳಿಗೆಯ ಬೆಲೆ ಪುಡಿಗಾಸಿಗೆ ಇಳಿಯಬೇಕು. ಅದು ಬೇರೆಯದೇ ಸಮಸ್ಯೆ, ಅದಕ್ಕೆ ಬೇರೆಯದೇ ಕಾಲ ಬೇಕು. ಫ್ರಾನ್ಸ್‌ನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ಈಟರ್ ಎಂಬ ಸಮ್ಮಿಲನ ಯಂತ್ರದ ಒಪ್ಪಂದಕ್ಕೆ ಸಹಿ ಬಿದ್ದದ್ದು 2006ರಲ್ಲಿ. ಮೊದಲ ಯೋಜನೆಯಂತೆ 2016ಕ್ಕೆ ಅದು ಚಾಲೂ ಆಗಬೇಕಿತ್ತು. 2024ರಲ್ಲಿ ಪ್ರಕಟವಾದ ಹೊಸ ವೇಳಾಪಟ್ಟಿಯಲ್ಲಿ ಪೂರ್ಣ ಪ್ರಮಾಣದ ಸಮ್ಮಿಲನ ಪ್ರಯೋಗಕ್ಕೆ 2039ರ ಗುರಿಯಿದೆ.

ಇಷ್ಟು ಹೇಳಿದ ಮೇಲೆ, ನಂಬದವರು ಎಡವಿದ ಕಥೆಯನ್ನೂ ಹೇಳಲೇಬೇಕು. ಅಮೆರಿಕದ ಬೆಲ್ ಪ್ರಯೋಗಾಲಯದವರು 1954ರಲ್ಲಿ ಸಿಲಿಕಾನ್ ಸೌರಕೋಶ ತೋರಿಸಿದಾಗ ಅದರ ದಕ್ಷತೆ, ಅಂದರೆ ಬಿದ್ದ ಬಿಸಿಲಿನಲ್ಲಿ ವಿದ್ಯುತ್ ಆಗುವ ಪಾಲು, ಸುಮಾರು ಶೇ 6. ಬೆಲೆ ಎಷ್ಟು ದುಬಾರಿಯೆಂದರೆ ಉಪಗ್ರಹಕ್ಕಲ್ಲದೆ ಬೇರೆಯದಕ್ಕೆ ಹೊಂದುತ್ತಿರಲಿಲ್ಲ. 1958ರಲ್ಲಿ ವ್ಯಾನ್‌ಗಾರ್ಡ್-1 ಉಪಗ್ರಹ ಅದನ್ನು ಹೊತ್ತು ಹಾರಿತು. ಅಲ್ಲಿಂದ ಮುಂದೆ, ಜಗತ್ತಿನಲ್ಲಿ ತಯಾರಾದ ಫಲಕಗಳ ಒಟ್ಟು ಮೊತ್ತ ಇಮ್ಮಡಿಯಾದಾಗಲೆಲ್ಲ ಬೆಲೆ ಸುಮಾರು ಐದನೇ ಒಂದು ಭಾಗ ಇಳಿಯುತ್ತಾ ಬಂತು. ಬ್ಯಾಟರಿಯದೂ ಇದೇ ದಾರಿ. ಲಿಥಿಯಂ-ಅಯಾನ್ ಬ್ಯಾಟರಿ ಪ್ಯಾಕ್‌ಗೆ 2010ರಲ್ಲಿ ಒಂದು ಯೂನಿಟ್ ಸಾಮರ್ಥ್ಯಕ್ಕೆ ಸಾವಿರ ಡಾಲರ್‌ಗೂ ಹೆಚ್ಚು ಬೀಳುತ್ತಿತ್ತು. 2024ರ ಸರಾಸರಿ 115 ಡಾಲರ್ ಆಸುಪಾಸು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಮುನ್ನಂದಾಜುಗಳು ಸೌರವಿದ್ಯುತ್ತಿನ ಬೆಳವಣಿಗೆಯನ್ನು ವರ್ಷದಿಂದ ವರ್ಷಕ್ಕೆ ಕಡಿಮೆಯೆಂದೇ ಎಣಿಸುತ್ತಾ ಬಂದವು. ಬಿಸಿಲಿನ ವಿದ್ಯುತ್ ಎಂದಿಗೂ ಕಲ್ಲಿದ್ದಲಿಗೆ ಸಾಟಿಯಾಗದು ಎಂದು ನಾನೂ ಹಲವರೆದುರು ವಾದಿಸಿದ್ದೆ. ಆ ತಪ್ಪು ನನಗೆ ಕಲಿಸಿದಷ್ಟನ್ನು ಯಾವ ಪಠ್ಯವೂ ಕಲಿಸಲಿಲ್ಲ.

ಸಮ್ಮಿಲನಕ್ಕೂ ಇವಕ್ಕೂ ನಡುವಿನ ವ್ಯತ್ಯಾಸ ಏನು? ಸೌರಫಲಕ, ಬ್ಯಾಟರಿಗಳು ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಕೋಟಿಗಟ್ಟಲೆ ತಯಾರಾಗುತ್ತವೆ. ಪ್ರತಿ ಸುತ್ತಿನಲ್ಲೂ ಯಾರೋ ಒಬ್ಬರು ಒಂದು ತಪ್ಪು ತಿದ್ದುತ್ತಾರೆ, ಒಂದು ಹಂತ ಕಡಿಮೆ ಮಾಡುತ್ತಾರೆ. ಬಯಲಿನಲ್ಲಿ ವರ್ಷಗಟ್ಟಲೆ ಕಟ್ಟುವ ದೈತ್ಯ ಸ್ಥಾವರಕ್ಕೆ ಆ ಅವಕಾಶವೇ ಸಿಗುವುದಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ವೋಗಲ್ ಪರಮಾಣು ಸ್ಥಾವರದ ಎರಡು ಹೊಸ ಘಟಕಗಳಿಗೆ ಮೊದಲು ಅಂದಾಜಿಸಿದ್ದು 1,400 ಕೋಟಿ ಡಾಲರ್. ಅವು 2023 ಮತ್ತು 2024ರಲ್ಲಿ ಕೆಲಸ ಶುರುಮಾಡುವ ಹೊತ್ತಿಗೆ ವೆಚ್ಚ 3,000 ಕೋಟಿ ದಾಟಿತ್ತು. ಇದನ್ನು ಮೀರಲೆಂದೇ ಸಣ್ಣ ಪರಮಾಣು ಘಟಕಗಳನ್ನು ಕಾರ್ಖಾನೆಯಲ್ಲಿ ತಯಾರಿಸುವ ಯೋಚನೆ ಬಂತು. ಯೋಚನೆ ಒಳ್ಳೆಯದು. ಆದರೆ ನೂರಾರು ಘಟಕಗಳಿಗೆ ಬೇಡಿಕೆ ಬಂದರೆ ಮಾತ್ರ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ಮಾತ್ರ ಬೇಡಿಕೆ ಬರುತ್ತದೆ. ಈ ಗಂಟನ್ನು ಬಿಡಿಸುವವರೆಗೆ ನಾನು ಕಾದು ನೋಡುವವರ ಸಾಲಿನಲ್ಲಿದ್ದೇನೆ.

ಹೊಸ ಸೌರಕೋಶದ ಬಗ್ಗೆಯೂ ಕೇಳಿದ್ದೀರಿ. ಪೆರೋವ್‌ಸ್ಕೈಟ್ ಎಂಬ ಬಗೆಯದು 2009ರಲ್ಲಿ ಜಪಾನಿನ ಪ್ರಯೋಗಾಲಯದಲ್ಲಿ ಶೇ 3.8ರ ದಕ್ಷತೆ ತೋರಿತ್ತು. ಈಗ ಶೇ 26 ದಾಟಿದೆ. ಇಷ್ಟು ವೇಗವಾಗಿ ಮೇಲೇರಿದ ಸೌರಕೋಶ ಇನ್ನೊಂದಿಲ್ಲ. ಆದರೂ ಇಂಥ ಸುದ್ದಿಯಲ್ಲಿ ನಾನು ಹುಡುಕುವುದು ದಕ್ಷತೆಯನ್ನಲ್ಲ, ಬಾಳಿಕೆಯನ್ನು. ತೇವ, ಶಾಖ, ನೇರಳಾತೀತ ಕಿರಣ ಮೂರೂ ಅದಕ್ಕೆ ಆಗದವು. ಸಿಲಿಕಾನ್ ಫಲಕಕ್ಕೆ ತಯಾರಕರು 25 ವರ್ಷದ ಖಾತರಿ ಬರೆದುಕೊಡುತ್ತಾರೆ. ಪೆರೋವ್‌ಸ್ಕೈಟ್ ಫಲಕಕ್ಕೆ ಅಂಥ ಖಾತರಿ ಬರೆಯುವ ಧೈರ್ಯ ಮಾರುಕಟ್ಟೆಯಲ್ಲಿ ಸಾಮಾನ್ಯವಾದ ದಿನ ನನಗೆ ಬರೆಯಿರಿ, ಇಬ್ಬರೂ ಸಂಭ್ರಮಿಸೋಣ.

ಪ್ರಶ್ನೆ: ಹೈಡ್ರೋಜನ್ ಎಲ್ಲದಕ್ಕೂ ಪರಿಹಾರ ಎನ್ನುತ್ತಾರಲ್ಲ?

ಉತ್ತರ: ಎಲ್ಲದಕ್ಕೂ ಅಲ್ಲ. ನೀರನ್ನು ವಿಭಜಿಸಿ ಒಂದು ಕಿಲೋ ಹೈಡ್ರೋಜನ್ ಪಡೆಯಲು 50 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಅದನ್ನು ಫ್ಯೂಯಲ್ ಸೆಲ್‌ನಲ್ಲಿ ಮತ್ತೆ ವಿದ್ಯುತ್ ಮಾಡಿದರೆ ಹಿಂದಿರುಗುವುದು ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಬ್ಯಾಟರಿ ಶೇ 85ರ ಆಸುಪಾಸು ಹಿಂದಿರುಗಿಸುತ್ತದೆ. ಹಾಗಾಗಿ ಬ್ಯಾಟರಿ ಸಾಕಾಗುವ ಕಡೆ ಹೈಡ್ರೋಜನ್ ತರುವುದು ದುಂದು. ರಸಗೊಬ್ಬರದ ಅಮೋನಿಯಾಕ್ಕೆ, ಕಬ್ಬಿಣದ ಅದಿರಿನಿಂದ ಕಲ್ಲಿದ್ದಲಿಲ್ಲದೆ ಉಕ್ಕು ಮಾಡಲು ಅದು ಬೇಕೇ ಬೇಕು. ಅಲ್ಲಿ ನನ್ನ ಬೆಂಬಲ ಪೂರ್ತಿ ಇದೆ.

ಪ್ರಶ್ನೆ: ಸೌರವಿದ್ಯುತ್ ಅತಿ ಅಗ್ಗ ಎಂದು ಎಲ್ಲೆಡೆ ಓದುತ್ತೇನೆ. ಹಾಗಾದರೆ ಜನರ ಬಿಲ್ ಏಕೆ ಇಳಿಯುವುದಿಲ್ಲ?

ಉತ್ತರ: 1954ರಲ್ಲಿ ಅಮೆರಿಕದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್, ಮೀಟರ್ ಇಟ್ಟು ಅಳೆಯುವ ಅಗತ್ಯವೇ ಇಲ್ಲದಷ್ಟು ಅಗ್ಗದ ವಿದ್ಯುತ್ತನ್ನು ಮಕ್ಕಳ ಕಾಲದಲ್ಲಿ ಕಾಣುತ್ತೇವೆ ಎಂದಿದ್ದರು. ಆ ಮಕ್ಕಳಿಗೆ ಮೊಮ್ಮಕ್ಕಳಾದರು, ಮೀಟರ್ ಓಡುತ್ತಲೇ ಇದೆ.

ಬಿಲ್ಲಿನಲ್ಲಿ ಉತ್ಪಾದನೆಯ ಖರ್ಚು ಒಂದು ಪಾಲು ಮಾತ್ರ. ತಂತಿ, ಟ್ರಾನ್ಸ್‌ಫಾರ್ಮರ್, ಸೋರಿಕೆ, ಮೋಡ ಕವಿದ ದಿನಕ್ಕೆಂದು ಸಿದ್ಧವಾಗಿಟ್ಟ ಸ್ಥಾವರ, ಇವೆಲ್ಲ ಉಳಿದ ಪಾಲು. ಇನ್ನೊಂದು ತೊಡಕೂ ಇದೆ. ಸೌರಫಲಕಗಳೆಲ್ಲ ಒಂದೇ ಹೊತ್ತಿಗೆ ದುಡಿಯುತ್ತವೆ. ಫಲಕ ಹೆಚ್ಚಾದಷ್ಟೂ ಮಧ್ಯಾಹ್ನದ ವಿದ್ಯುತ್ತಿಗೆ ಬೆಲೆ ಬೀಳುತ್ತದೆ. ಜರ್ಮನಿ, ಕ್ಯಾಲಿಫೋರ್ನಿಯಾಗಳ ಸಗಟು ಮಾರುಕಟ್ಟೆಯಲ್ಲಿ ಕೆಲವು ಗಂಟೆ ದರ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ. ಅದೇ ದಿನ ಸಂಜೆ ಎಲ್ಲರೂ ದೀಪ ಹಚ್ಚುವಾಗ ದರ ಮೇಲೇರುತ್ತದೆ. ಮಧ್ಯಾಹ್ನದ್ದನ್ನು ಸಂಜೆಗೆ ದಾಟಿಸುವವರೇ ಇನ್ನು ಮುಂದೆ ಹಣ ಕಾಣುವವರು, ಆದ್ದರಿಂದಲೇ ಬ್ಯಾಟರಿಯ ಬೆಲೆಯನ್ನು ನಾನು ಅಷ್ಟು ಗಮನವಿಟ್ಟು ನೋಡುವುದು.

ಯಾರೂ ಮಾತಾಡದ ಒಂದು ವಿಷಯ ಬಡ್ಡಿ. ಕಲ್ಲಿದ್ದಲು ಸ್ಥಾವರದಲ್ಲಿ ಖರ್ಚು ದಿನದಿನವೂ ಇಂಧನಕ್ಕೆ ಹೋಗುತ್ತದೆ. ಬಿಸಿಲು, ಗಾಳಿಗೆ ಕಾಸಿಲ್ಲ, ಆದರೆ ಖರ್ಚೆಲ್ಲ ಮೊದಲ ದಿನವೇ ಸಾಲವಾಗಿ ತಲೆ ಮೇಲೆ ಕೂರುತ್ತದೆ. ಸಾವಿರ ಡಾಲರ್ ಸಾಲವನ್ನು 25 ವರ್ಷದಲ್ಲಿ ತೀರಿಸಲು ಶೇ 5ರ ಬಡ್ಡಿಯಾದರೆ ವರ್ಷಕ್ಕೆ 71 ಡಾಲರ್ ಕಟ್ಟಬೇಕು, ಶೇ 10 ಆದರೆ 110. ಫಲಕ ಅದೇ, ಬಿಸಿಲು ಅದೇ, ವಿದ್ಯುತ್ ಮಾತ್ರ ಅರ್ಧಕ್ಕರ್ಧ ದುಬಾರಿ. ಹೆಚ್ಚು ಬಡ್ಡಿ ಕಟ್ಟಬೇಕಾದ ಬಡ ದೇಶಗಳು ಬಿಸಿಲಿದ್ದೂ ಹಿಂದೆ ಬೀಳುವುದು ಇಲ್ಲಿ. ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ, ಏಕೆಂದರೆ ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ, ಕಡಿಮೆ ಬಡ್ಡಿಯ ಸಾಲ ಸಾಕು.

ಪ್ರಶ್ನೆ: ನಿವೃತ್ತಿಯ ಹಣದಲ್ಲಿ ಒಂದು ಭಾಗವನ್ನು ಹೊಸ ಇಂಧನ ಕಂಪನಿಯ ಷೇರಿಗೆ ಹಾಕಬೇಕೆಂದಿದ್ದೇನೆ. ಭವಿಷ್ಯ ಅವುಗಳದ್ದೇ ಅಲ್ಲವೇ?

ಉತ್ತರ: ಭವಿಷ್ಯ ಆ ತಂತ್ರಜ್ಞಾನದ್ದು. ಆ ಕಂಪನಿಯದ್ದೇ ಆಗಬೇಕೆಂದಿಲ್ಲ. ಸೋಲಿಂಡ್ರಾ ಎಂಬ ಅಮೆರಿಕನ್ ಕಂಪನಿ ಸಿಲಿಕಾನ್ ದುಬಾರಿಯಾಗಿಯೇ ಉಳಿಯುತ್ತದೆಂದು ನಂಬಿ ಬೇರೆ ಬಗೆಯ ಫಲಕ ಮಾಡಿತು. ಸಿಲಿಕಾನ್ ಬೆಲೆ ಕುಸಿಯಿತು, 2011ರಲ್ಲಿ ಕಂಪನಿ ದಿವಾಳಿಯಾಯಿತು, ಸರ್ಕಾರ ಖಾತರಿ ನಿಂತಿದ್ದ 53.5 ಕೋಟಿ ಡಾಲರ್ ಸಾಲವೂ ಅದರೊಡನೆ ಸಿಕ್ಕಿಬಿತ್ತು. ತಪ್ಪು ದಾರಿ ಹಿಡಿದವರು ಸೋತರು ಎನ್ನೋಣ. ಸರಿ ದಾರಿ ಹಿಡಿದು, ಸಿಲಿಕಾನ್ ಫಲಕದಲ್ಲಿ ಜಗತ್ತಿಗೇ ದೊಡ್ಡ ತಯಾರಕನಾಗಿದ್ದ ಚೀನಾದ ಸನ್‌ಟೆಕ್ 2013ರಲ್ಲಿ ಸಾಲ ತೀರಿಸಲಾಗದೆ ಕುಸಿಯಿತು. ಬ್ಯಾಟರಿ ಮಾಡಹೊರಟ ಸ್ವೀಡನ್ನಿನ ನಾರ್ತ್‌ವೋಲ್ಟ್ ಸಾವಿರ ಕೋಟಿಗೂ ಹೆಚ್ಚು ಡಾಲರ್ ಬಂಡವಾಳ ಕೂಡಿಸಿಯೂ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಫಲಕದ ಬೆಲೆ ಇಳಿದದ್ದು ಇಂಥ ಪೈಪೋಟಿಯಿಂದಲೇ. ಆ ಇಳಿಕೆಯ ಲಾಭ ಕೊಂಡವರಿಗೆ ಹೋಯಿತು, ನಷ್ಟ ಷೇರುದಾರರಿಗೆ ಉಳಿಯಿತು. ನೀವು ಕೊಳ್ಳುವವರ ಕಡೆ ನಿಲ್ಲುವುದು ಕ್ಷೇಮ. ಆದರೂ ಷೇರೇ ಬೇಕೆಂದಿದ್ದರೆ ಒಂದೇ ಕಂಪನಿಯನ್ನು ನೆಚ್ಚಬೇಡಿ. ಪೂರ್ತಿ ಹೋದರೂ ಔಷಧಿ ಖರ್ಚಿಗೆ ಕೈ ಬರಿದಾಗದಷ್ಟು ಮೊತ್ತವನ್ನು ಮಾತ್ರ ಹಾಕಿ, ಹತ್ತು ವರ್ಷ ಅದರ ಕಡೆ ನೋಡದಿರಲು ಸಿದ್ಧರಿರಿ. ಇನ್ನು ‘ಮುಂದಿನ ವರ್ಷವೇ ಉತ್ಪಾದನೆ ಶುರು’ ಎಂದು ಫೋನ್ ಮಾಡಿ ಅವಸರಪಡಿಸುವವರಿದ್ದರೆ, ಇದುವರೆಗೆ ಎಷ್ಟು ಯೂನಿಟ್ ಮಾರಿದ್ದೀರಿ, ಯಾವ ದರಕ್ಕೆ ಎಂದು ಕೇಳಿ, ಉತ್ತರವನ್ನು ಬರೆದುಕೊಡಲು ಹೇಳಿ.